ಸ್ವಿಫ್ಟ್ ಮುಂದಿನ ಬ್ರೇಕ್: ಪ್ಯಾಡ್ ಮಾತ್ರ ಸಾಕಾ, ಡಿಸ್ಕ್ ಕೂಡ ಬದಲಿಸಬೇಕಾ? ಘಟ್ಟದ ಓಡಾಟಕ್ಕೆ ಯಾವುದು ತಗೊಳ್ಳಲಿ?

ಮೂಡಿಗೆರೆ_ಕಾಫಿ
ಎಲ್ಲರಿಗೂ ನಮಸ್ಕಾರ. ನನ್ನದು 2014ರ ಸ್ವಿಫ್ಟ್ ಪೆಟ್ರೋಲ್, 70 ಸಾವಿರ ಕಿ.ಮೀ. ದಾಟಿದೆ. ಮುಂದೆ ಡಿಸ್ಕ್ ಬ್ರೇಕ್ (ಚಕ್ರದ ಜೊತೆ ತಿರುಗೋ ತಟ್ಟೆಯನ್ನು ಎರಡು ಪ್ಯಾಡ್ ಹಿಡಿದು ನಿಲ್ಲಿಸೋದು), ಹಿಂದೆ ಡ್ರಮ್. ಚಾರ್ಮಾಡಿ ಇಳಿದು ಉಜಿರೆ, ಮಂಗಳೂರು ಕಡೆ ಹೋಗೋದು ಜಾಸ್ತಿ. ಮಳೆಗಾಲದಲ್ಲೂ ನಿಲ್ಲಿಸುವ ಹಾಗಿಲ್ಲ.

ಈಗ ಎರಡು ತೊಂದರೆ. 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತೆ. ಇನ್ನೊಂದು, ನಿಧಾನವಾಗಿ ಹೋಗುವಾಗ ಮುಂದಿನ ಎಡ ಚಕ್ರದಿಂದ ‘ಕೀಂ’ ಅಂತ ಸದ್ದು ಬರುತ್ತೆ, ಬ್ರೇಕ್ ಒತ್ತಿದರೆ ನಿಲ್ಲುತ್ತೆ.

ಸರ್ವಿಸ್ ಸೆಂಟರ್‌ನವರು ಪ್ಯಾಡ್, ಡಿಸ್ಕ್ ಎರಡೂ ಬದಲಿಸಿ ಅಂತಾರೆ, ಲೇಬರ್ ಸೇರಿ ಒಂಬತ್ತು ಸಾವಿರದ ಹತ್ತಿರ. ಊರಿನ ಗ್ಯಾರೇಜಿನವರು ಪ್ಯಾಡ್ ಹಾಕಿ, ಡಿಸ್ಕನ್ನು ಲೇತ್‌ಗೆ ಕೊಟ್ಟು ಮೈ ಸಮ ಮಾಡಿಸಿದರೆ ಸಾಕು ಅಂತಾರೆ. ಆನ್‌ಲೈನ್ ನೋಡಿದರೆ ಸೆರಾಮಿಕ್ ಪ್ಯಾಡ್, ತೂತಿರೋ ಡಿಸ್ಕ್, ಗೆರೆ ಇರೋ ಡಿಸ್ಕ್ ಅಂತ ನೂರೆಂಟು. ಘಟ್ಟಕ್ಕೆ ಯಾವುದು ಸರಿ? ಮನೆಯವರು, ಮಕ್ಕಳು ಕೂರುವ ಗಾಡಿ. ದುಡ್ಡು ಉಳಿಸೋದಕ್ಕಿಂತ ಬ್ರೇಕ್ ಸರಿ ಇರೋದು ಮುಖ್ಯ.

ಬೆಂಗಳೂರ್_ಗೇರ್
ಎರಡೂ ಬದಲಿಸಿ ಗುರು. ಬ್ರೇಕ್ ವಿಷಯದಲ್ಲಿ ಯೋಚನೆ ಯಾಕೆ? ಹಾಕೋದೇ ಆದರೆ ತೂತಿರೋ ಡಿಸ್ಕು, ಸೆರಾಮಿಕ್ ಪ್ಯಾಡು ಹಾಕಿ. ಘಟ್ಟದಲ್ಲಿ ಬೇಗ ತಣ್ಣಗಾಗುತ್ತೆ.

ಗ್ಯಾರೇಜ್_ಉಡುಪಿ
ಸ್ವಲ್ಪ ನಿಲ್ಲಿ ಮಾರಾಯ್ರೆ. ಚಕ್ರ ಬಿಚ್ಚಿ ನೋಡದೆ ಯಾವ ಸಾಮಾನೂ ತಗೊಳ್ಳಬೇಡಿ. ನಿಮ್ಮ ಎರಡು ತೊಂದರೆಗೆ ಕಾರಣ ಬೇರೆ ಬೇರೆ ಇರಬಹುದು.

‘ಕೀಂ’ ಸದ್ದು ಬಹುಶಃ ಪ್ಯಾಡಿನ ತಗಡಿನದು. ಪ್ಯಾಡ್ ತೆಳುವಾದಾಗ ಒಂದು ಸಣ್ಣ ಸ್ಟೀಲ್ ಪಟ್ಟಿ ಡಿಸ್ಕಿಗೆ ತಾಗಿ ಕೂಗಲಿ ಅಂತಾನೇ ಇಟ್ಟಿರ್ತಾರೆ. ಬ್ರೇಕ್ ಒತ್ತಿದಾಗ ಸದ್ದು ನಿಲ್ಲೋದು ಅದರದ್ದೇ ಲಕ್ಷಣ. ಹಾಗಾಗಿ ಪ್ಯಾಡ್ ಬದಲಿಸೋ ಹೊತ್ತು ಬಂದಿದೆ ಅಂತ ಇಟ್ಟುಕೊಳ್ಳಿ.

ಸ್ಟೇರಿಂಗ್ ನಡುಕ ಮಾತ್ರ ಡಿಸ್ಕಿನ ಕಡೆಯಿಂದ. ಆದರೆ ಡಿಸ್ಕೇ ಹೋಗಿದೆ ಅಂತ ಈಗಲೇ ಹೇಳೋಕಾಗಲ್ಲ. ಹಬ್ (ಡಿಸ್ಕ್ ಕೂರೋ ನಡುಭಾಗ) ಮೇಲೆ ತುಕ್ಕು ಕೂತಿದ್ದರೂ ನಡುಗುತ್ತೆ. ವೀಲ್ ನಟ್ ಒಂದು ಬಿಗಿ ಒಂದು ಸಡಿಲ ಇದ್ದರೂ ನಡುಗುತ್ತೆ.

ಚಕ್ರ ಬಿಚ್ಚಿಸಿ ಮೂರು ವಿಷಯ ನೋಡಿ ಇಲ್ಲಿ ಬರೆಯಿರಿ: ಪ್ಯಾಡ್ ಒಳಗಡೆಯದ್ದು ಎಷ್ಟು ಉಳಿದಿದೆ, ಹೊರಗಡೆಯದ್ದು ಎಷ್ಟು ಉಳಿದಿದೆ, ಡಿಸ್ಕ್ ಎಷ್ಟು ದಪ್ಪ ಇದೆ. ಇದು ಗೊತ್ತಾಗದೆ ಯಾವ ಬ್ರ್ಯಾಂಡ್ ಅಂತ ಮಾತಾಡಿ ಪ್ರಯೋಜನ ಇಲ್ಲ.

ಮಂಡ್ಯ_ಹೈದ
ನಡುಕ ಅಂದ್ರೆ ಡಿಸ್ಕ್ ಬೆಂಡ್ ಆಗಿದೆ ಅಂತಾನೇ ಅರ್ಥ ಕಣಣ್ಣ. ಬಿಸಿ ಡಿಸ್ಕ್ ಮೇಲೆ ನೀರು ಬಿದ್ದರೆ ಬೆಂಡ್ ಆಗುತ್ತೆ. ನಮ್ಮ ಗಾಡೀಲೂ ಇದೇ ಆಗಿತ್ತು.

ಡೆಟ್ರಾಯಿಟ್_ಕನ್ನಡತಿ
ಹೆಚ್ಚಿನ ಸಲ ಬೆಂಡ್ ಆಗಿರೋದಿಲ್ಲ. ನನ್ನ ಕೆಲಸವೇ ಬ್ರೇಕ್ ಟೆಸ್ಟಿಂಗ್, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ.

ಡಿಸ್ಕ್ ಹಬ್ ಮೇಲೆ ಕೂದಲೆಳೆಯಷ್ಟು ಓರೆಯಾಗಿ ಕೂತಿದೆ ಅಂದುಕೊಳ್ಳಿ. ಬ್ರೇಕ್ ಒತ್ತದೇ ಇದ್ದಾಗಲೂ ತಿರುಗುವಾಗ ಒಂದೇ ಜಾಗ ಪ್ಯಾಡಿಗೆ ತಾಗ್ತಾ ಇರುತ್ತೆ. ಸಾವಿರಾರು ಕಿ.ಮೀ. ಹೀಗೇ ಓಡಿದರೆ ಆ ಜಾಗ ಸವೆದು ತೆಳುವಾಗುತ್ತೆ. ಇನ್ನು ಕೆಲವು ಸಲ ಕಾದ ಪ್ಯಾಡಿನ ಪುಡಿ ಡಿಸ್ಕಿನ ಒಂದು ಕಡೆ ಅಂಟಿಕೊಂಡು ಅಲ್ಲಿ ದಪ್ಪ ಆಗುತ್ತೆ. ಎರಡರಲ್ಲೂ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರಲ್ಲ. ಬ್ರೇಕ್ ಒತ್ತಿದಾಗ ದಪ್ಪ ಜಾಗ ಬಂದಾಗೆಲ್ಲ ಹಿಡಿತ ಏರುತ್ತೆ, ತೆಳು ಜಾಗದಲ್ಲಿ ಇಳಿಯುತ್ತೆ. ಅದೇ ನಿಮ್ಮ ಕೈಗೆ ನಡುಕವಾಗಿ ಬರೋದು.

ಹೆಚ್ಚಿನ ಕಾರುಗಳಲ್ಲಿ ಈ ಓರೆ 0.1 ಮಿ.ಮೀ. ಒಳಗಿರಬೇಕು, ಕೆಲವಕ್ಕೆ 0.05 ಮಿ.ಮೀ.ಯೇ ಮಿತಿ. ಕಣ್ಣಿಗೆ ಕಾಣೋದಿಲ್ಲ. ಡಯಲ್ ಗೇಜ್ (ಸಣ್ಣ ಓರೆ ಅಳೆಯೋ ಮೀಟರ್) ಇಟ್ಟು, ನಟ್ ಬಿಗಿ ಮಾಡಿ, ಡಿಸ್ಕ್ ತಿರುಗಿಸಿ ನೋಡಬೇಕು. ಹಬ್ ಮೇಲೆ ತುಕ್ಕು ಬಿಟ್ಟು ಹೊಸ ಡಿಸ್ಕ್ ಕೂರಿಸಿದರೆ ಅದೂ ಓರೆಯಾಗೇ ಕೂರುತ್ತೆ. ಕೆಲವೇ ತಿಂಗಳಲ್ಲಿ ನಡುಕ ವಾಪಸ್. ಆಗ ಜನ ‘ಡಿಸ್ಕ್ ಕಂಪನಿ ಸರಿ ಇಲ್ಲ’ ಅಂತಾರೆ.

ಮಂಡ್ಯ_ಹೈದ
ಹಾಗಾದ್ರೆ ನೀರು ಬಿದ್ದರೆ ಏನೂ ಆಗಲ್ವಾ ಅಕ್ಕ?

ಡೆಟ್ರಾಯಿಟ್_ಕನ್ನಡತಿ
ಮಳೆಯಲ್ಲಿ ಓಡಿಸೋದಕ್ಕೆ ಏನೂ ಆಗಲ್ಲ, ಅದಕ್ಕೆ ತಾಳೋ ಹಾಗೇ ಮಾಡಿರ್ತಾರೆ. ಆದರೆ ಘಟ್ಟ ಇಳಿದ ತಕ್ಷಣ ವಾಟರ್ ಸರ್ವಿಸ್‌ಗೆ ನಿಲ್ಲಿಸಿ ಜೋರು ನೀರು ಬಿಡಿಸೋದು ಒಳ್ಳೇದಲ್ಲ. ಅರ್ಧ ಗಂಟೆ ಬಿಟ್ಟು ತೊಳೆಸಿ.

ಟ್ಯಾಕ್ಸಿ_ಮೈಸೂರು
ನಾನು ಊಟಿ, ಕೊಡಗು ಬಾಡಿಗೆ ಹೊಡೆಯೋನು. ಲೇತ್ ಹೊಡೆಸಿ ಸರ್, ಏನೂ ಆಗಲ್ಲ. ನಮ್ಮ ಸ್ಟ್ಯಾಂಡಲ್ಲಿ ಎಲ್ಲರೂ ಒಂದು ಸಲ ಲೇತ್ ಹೊಡೆಸಿಯೇ ಆಮೇಲೆ ಡಿಸ್ಕ್ ಬದಲಿಸೋದು. ಸರ್ವಿಸ್ ಸೆಂಟರ್‌ನವರಿಗೆ ಹೊಸದು ಮಾರಿದರೆ ಲಾಭ, ಅದಕ್ಕೆ ಬೇಡ ಅಂತಾರೆ.

ಗ್ಯಾರೇಜ್_ಉಡುಪಿ
ಲೇತ್ ಹೊಡೆಸಲೇಬಾರದು ಅಂತ ನಾನೂ ಹೇಳಲ್ಲ. ದೊಡ್ಡ ಗಾಡಿಯ ಡಿಸ್ಕಿಗೆ ಬೆಲೆ ಜಾಸ್ತಿ, ದಪ್ಪವೂ ಜಾಸ್ತಿ ಉಳಿದಿರುತ್ತೆ. ಅಲ್ಲಿ ಸರಿ. ಆದರೆ ಎರಡು ಮಾತು.

ಸಾಮಾನ್ಯವಾಗಿ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರ್ತಾರೆ, ನಡುವಿನ ಟೋಪಿ ಭಾಗದಲ್ಲೋ ಅಂಚಿನಲ್ಲೋ ಇರುತ್ತೆ. ತುಕ್ಕು ಹಿಡಿದಿದ್ದರೆ ವೈರ್ ಬ್ರಷ್ ಹಾಕಿ ಉಜ್ಜಿ ನೋಡಿ. ಲೇತ್ ಹೊಡೆಸಿದ ಮೇಲೂ ಅದಕ್ಕಿಂತ ದಪ್ಪ ಉಳಿಯಬೇಕು, ಮುಂದಿನ ಸವೆತಕ್ಕೂ ಸ್ವಲ್ಪ ಇರಬೇಕು. ತೆಳು ಡಿಸ್ಕ್ ಬೇಗ ಕಾಯುತ್ತೆ. ಘಟ್ಟ ಇಳಿಯೋರಿಗೆ ಅದು ಒಳ್ಳೇದಲ್ಲ.

ಇನ್ನೊಂದು, ಸಾದಾ ಲೇತ್‌ನಲ್ಲಿ ಡಿಸ್ಕನ್ನು ಸರಿಯಾಗಿ ನಡುಬಿಂದುವಿಗೆ ಹಿಡಿಸದಿದ್ದರೆ ಮೊದಲಿಗಿಂತ ಜಾಸ್ತಿ ಓರೆಯಾಗಿ ವಾಪಸ್ ಬರುತ್ತೆ. ಗಾಡಿಯಲ್ಲೇ ಇಟ್ಟು ಸಾಣೆ ಹಿಡಿಯೋ ಮೆಷಿನ್ ಇದ್ದರೆ ಉತ್ತಮ, ಆದರೆ ಅದು ಎಲ್ಲ ಕಡೆ ಇಲ್ಲ. ಸ್ವಿಫ್ಟ್ ಥರದ ಸಣ್ಣ ಕಾರಿಗೆ ಲೇತ್ ಖರ್ಚು, ಓಡಾಟ, ಎರಡು ಸಲದ ಲೇಬರ್ ಎಲ್ಲ ಲೆಕ್ಕ ಹಾಕಿದರೆ ಹೊಸ ಡಿಸ್ಕೇ ವಾಸಿ.

ಟ್ಯಾಕ್ಸಿ_ಮೈಸೂರು
ದಪ್ಪ ನೋಡೇ ಹೊಡೆಸೋದು ಸರ್, ನಾವೇನು ಕಣ್ಣು ಮುಚ್ಚಿಕೊಂಡು ಮಾಡಲ್ಲ. ಇನ್ನೋವಾಗೆ ಲೇತ್, ಸಣ್ಣ ಗಾಡಿಗೆ ಹೊಸದು. ಅದು ಒಪ್ಪುತ್ತೀನಿ.

ಹುಬ್ಬಳ್ಳಿ_ಹೆದ್ದಾರಿ
ದಪ್ಪ ಅಳೆಯೋದು ಹೆಂಗ್ರಿ? ನನ್ನ ಹತ್ರ ವರ್ನಿಯರ್ ಐತಿ. ಡಿಸ್ಕಿನ ಅಂಚಿಗೆ ಹಿಡಿದರೆ ಆತಲ್ಲ?

ಗ್ಯಾರೇಜ್_ಉಡುಪಿ
ಅಲ್ಲೇ ಎಲ್ಲರೂ ತಪ್ಪು ಲೆಕ್ಕ ಬರೆಯೋದು ನೋಡಿ. ಪ್ಯಾಡ್ ತಾಗದ ಹೊರ ಅಂಚು ಸವೆಯೋದಿಲ್ಲ, ಒಂದು ಏಣು ಎದ್ದು ನಿಂತಿರುತ್ತೆ. ವರ್ನಿಯರ್ ಬಾಯಿ ಆ ಏಣಿನ ಮೇಲೆ ಕೂತರೆ ಹೊಸ ಡಿಸ್ಕಿನ ದಪ್ಪವೇ ತೋರಿಸುತ್ತೆ. ಮೈಕ್ರೋಮೀಟರ್ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಡಿಸ್ಕಿನ ಎರಡೂ ಬದಿ ಒಂದೇ ಥರದ ನಾಣ್ಯ ಇಟ್ಟು, ನಾಣ್ಯದ ಮೇಲೆ ವರ್ನಿಯರ್ ಹಿಡಿಯಿರಿ. ಆಮೇಲೆ ಎರಡು ನಾಣ್ಯದ ದಪ್ಪ ಕಳೆಯಿರಿ. ಸುತ್ತ ಏಳೆಂಟು ಕಡೆ ಅಳೆದು ಬರೆದುಕೊಳ್ಳಿ, ಒಂದೇ ಕಡೆ ಸಾಲದು.

ಹುಬ್ಬಳ್ಳಿ_ಹೆದ್ದಾರಿ
ಭಾರಿ ಉಪಾಯ. ಇವತ್ತ ಮಾಡತೇನಿ.

ಬೆಂಗಳೂರ್_ಗೇರ್
ನನ್ನ ಮಾತಿಗೆ ಯಾರೂ ಉತ್ತರ ಕೊಡ್ಲಿಲ್ಲ. ತೂತಿರೋ ಡಿಸ್ಕು ಘಟ್ಟಕ್ಕೆ ಒಳ್ಳೇದಲ್ವಾ? ರೇಸ್ ಬೈಕು, ದುಬಾರಿ ಕಾರುಗಳಲ್ಲೆಲ್ಲ ಅದೇ ಇರುತ್ತೆ.

ಸ್ಟುಟ್‌ಗಾರ್ಟ್_ಕನ್ನಡಿಗ
ದುಬಾರಿ ಕಾರಿನಲ್ಲಿ ಡಿಸ್ಕೇ ದೊಡ್ಡದು, ದಪ್ಪ. ಅಷ್ಟು ಕಬ್ಬಿಣ ಇರೋದ್ರಿಂದ ತೂತು ಮಾಡಿದರೂ ತಾಳುತ್ತೆ. ನಿಮ್ಮ ಸ್ವಿಫ್ಟಿಗೆ ಅದೇ ಅಳತೆಯ ಡಿಸ್ಕಿನಲ್ಲಿ ತೂತು ಕೊರೆದರೆ, ಬಿಸಿ ಹೀರಿಕೊಳ್ಳೋ ಕಬ್ಬಿಣ ಅಷ್ಟು ಕಮ್ಮಿ ಆದಂಗೆ. ಜೊತೆಗೆ ತೂತಿನ ಅಂಚಿನಿಂದಲೇ ಸೀಳು ಬಿಡೋಕೆ ಶುರು ಆಗುತ್ತೆ. ನೀರು, ಪುಡಿ ಆಚೆ ಹೋಗೋಕೆ ತೂತು, ಗೆರೆ ಸ್ವಲ್ಪ ಸಹಾಯ ಮಾಡ್ತವೆ, ಇಲ್ಲ ಅನ್ನಲ್ಲ. ಆದರೆ ಗಾಳಿ ಆಡೋದು ಮುಖ್ಯವಾಗಿ ಡಿಸ್ಕಿನ ಎರಡು ಪದರದ ನಡುವಿನ ಸಂದಿನಿಂದ. ಮುಂದಿನ ಡಿಸ್ಕ್ ಅಂಚಿನಿಂದ ನೋಡಿ, ನಡುವೆ ಸಂದು ಕಾಣುತ್ತೆ. ಅದು ಕಂಪನಿಯಿಂದಲೇ ಬಂದಿರುತ್ತೆ. ಸಾದಾ ಡಿಸ್ಕೇ ಹಾಕಿ.

ಬೆಂಗಳೂರ್_ಗೇರ್
ಸೆರಾಮಿಕ್ ಪ್ಯಾಡ್ ಬಗ್ಗೆ? ಅದನ್ನೂ ಬೇಡ ಅಂತೀರಾ?

ಸ್ಟುಟ್‌ಗಾರ್ಟ್_ಕನ್ನಡಿಗ
ಅದನ್ನು ಬೇಡ ಅನ್ನಲ್ಲ. ಸದ್ದು ಕಮ್ಮಿ, ಕಪ್ಪು ಪುಡಿ ಕಮ್ಮಿ, ಡಿಸ್ಕನ್ನೂ ಜಾಸ್ತಿ ತಿನ್ನಲ್ಲ. ಸೆಮಿ ಮೆಟಾಲಿಕ್‌ನಲ್ಲಿ ಉಕ್ಕಿನ ನಾರು ಇರುತ್ತೆ, ಬಿಸಿಗೆ ಚೆನ್ನಾಗಿ ತಾಳುತ್ತೆ, ಆದರೆ ಡಿಸ್ಕ್ ಬೇಗ ಸವೆಯುತ್ತೆ, ಸದ್ದೂ ಇರುತ್ತೆ. ಜಪಾನ್ ಮೂಲದ ಕಾರುಗಳಿಗೆ ಸಾಮಾನ್ಯವಾಗಿ ಮೆದು ಪ್ಯಾಡ್ ಬರುತ್ತೆ, ಉಕ್ಕು ಇರಲ್ಲ. ಇಲ್ಲಿ ಜರ್ಮನಿಯ ಕಾರುಗಳಲ್ಲಿ ಹಿಡಿತ ಜೋರು, ಆದರೆ ವಾರ ಬಿಟ್ಟರೆ ಅಲಾಯ್ ಚಕ್ರ ಪೂರ್ತಿ ಕಪ್ಪು.

ಆದರೆ ‘ಸೆರಾಮಿಕ್’ ಅಂತ ಡಬ್ಬಿ ಮೇಲೆ ಬರೆಯೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ಒಂದೇ ಹೆಸರಲ್ಲಿ ತುಂಬಾ ಒಳ್ಳೇದೂ ಸಿಗುತ್ತೆ, ತುಂಬಾ ಕೆಟ್ಟದ್ದೂ ಸಿಗುತ್ತೆ. ಅದಕ್ಕೆ ಹೆಸರು ಬಿಟ್ಟು ಮುದ್ರೆ ನೋಡಿ. ಯುರೋಪಿನಲ್ಲಿ ಬದಲಿ ಪ್ಯಾಡುಗಳಿಗೆ ಆರ್90 ಅನ್ನೋ ನಿಯಮ ಇದೆ. ಒರಿಜಿನಲ್ ಪ್ಯಾಡಿನ ಹಿಡಿತಕ್ಕೂ ಇದರ ಹಿಡಿತಕ್ಕೂ ಶೇ. 15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಪಾಸಾದ ಪ್ಯಾಡಿನ ಹಿಂದಿನ ಉಕ್ಕಿನ ಪ್ಲೇಟ್ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಒಂದು ಅಂಕಿ, ಪಕ್ಕದಲ್ಲಿ ‘90ಆರ್’ ಅಂತ ಇರುತ್ತೆ. ನಮ್ಮ ದೇಶದಲ್ಲಿ ಸಿಗೋ ಕೆಲವು ಪ್ಯಾಡುಗಳ ಮೇಲೂ ಈ ಮುದ್ರೆ ಇರುತ್ತೆ. ಇದ್ದರೆ ಅದು ನಂಬೋಕೆ ಒಳ್ಳೇ ಕಾರಣ.

ಡೆಟ್ರಾಯಿಟ್_ಕನ್ನಡತಿ
ಇನ್ನೊಂದು ಗುರುತು ಸೇರಿಸ್ತೀನಿ. ಪ್ಯಾಡಿನ ಅಂಚಿನಲ್ಲಿ ಉದ್ದನೆಯ ನಂಬರ್ ಜೊತೆ ಎರಡು ಇಂಗ್ಲಿಷ್ ಅಕ್ಷರ ಇರುತ್ತೆ: ಇಇ, ಎಫ್‌ಎಫ್, ಜಿಜಿ ಹೀಗೆ. ಮೊದಲನೆಯದು ಮಾಮೂಲಿ ಬಿಸಿಯಲ್ಲಿ ಹಿಡಿತ, ಎರಡನೆಯದು ಜೋರು ಕಾದಾಗ ಹಿಡಿತ. ‘ಇ’ ಅಂದರೆ ಘರ್ಷಣೆ 0.25ರಿಂದ 0.35. ‘ಎಫ್’ 0.35ರಿಂದ 0.45. ‘ಜಿ’ 0.45ರಿಂದ 0.55. ಘಟ್ಟ ಇಳಿಯೋರು ಎರಡನೇ ಅಕ್ಷರ ನೋಡಬೇಕು. ‘ಎಫ್‌ಇ’ ಅಂತ ಇದ್ದರೆ ಕಾದಾಗ ಹಿಡಿತ ಬೀಳುತ್ತೆ ಅಂತ ಅದೇ ಹೇಳ್ತಾ ಇದೆ.

ಇದು ಸಣ್ಣ ತುಂಡಿನ ಮೇಲೆ ಲ್ಯಾಬಿನಲ್ಲಿ ಮಾಡೋ ಪರೀಕ್ಷೆ. ಇಡೀ ಗಾಡಿಯ ಬ್ರೇಕ್ ಬಗ್ಗೆ ಇದೊಂದೇ ಹೇಳಲ್ಲ. ಆದರೂ ಏನೂ ಗೊತ್ತಿಲ್ಲದೆ ತಗೊಳ್ಳೋದಕ್ಕಿಂತ ವಾಸಿ.

ಟ್ಯಾಕ್ಸಿ_ಮೈಸೂರು
ಈ ಅಕ್ಷರ ಎಷ್ಟು ವರ್ಷದಿಂದ ನೋಡ್ತಾ ಇದೀನಿ, ಏನಂತ ಯಾರೂ ಹೇಳಿರಲಿಲ್ಲ. ಧನ್ಯವಾದ ಮೇಡಂ.

ಶಿರಸಿ_ಘಟ್ಟ
ಎಲ್ಲರೂ ಪ್ಯಾಡು, ಡಿಸ್ಕು ಅಂತಾನೇ ಇದ್ದೀರಿ. ಬ್ರೇಕ್ ಆಯಿಲ್ ಬಗ್ಗೆ ಯಾರೂ ಕೇಳ್ಲಿಲ್ಲ. ಮೂಡಿಗೆರೆಯವರೇ, ಕೊನೇ ಸಲ ಯಾವಾಗ ಬದಲಿಸಿದ್ದು?

ಮೂಡಿಗೆರೆ_ಕಾಫಿ
ಟಾಪ್ ಅಪ್ ಮಾಡ್ತಾ ಬಂದಿದ್ದಾರೆ. ಪೂರ್ತಿ ಬದಲಿಸಿದ ಬಿಲ್ ಸಿಗ್ತಾ ಇಲ್ಲ.

ಶಿರಸಿ_ಘಟ್ಟ
ಹಾಗಾದರೆ ನಿಮಗೆ ಸೆರಾಮಿಕ್ ಪ್ಯಾಡಿಗಿಂತ ಮೊದಲು ಬೇಕಾಗಿರೋದು ಅದು.

ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರುತ್ತೆ. ನಮ್ಮ ಮಲೆನಾಡಿನ ಮಳೆಗಾಲ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಡಾಟ್ ಅನ್ನೋದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4 ಆದರೆ 230 ಮತ್ತು 155. ಘಟ್ಟ ಇಳಿಯುವಾಗ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತೋ ಭಾಗ) ಒಳಗೆ ಆಯಿಲ್ ಕುದಿದರೆ ಗುಳ್ಳೆ ಏಳುತ್ತೆ. ಗುಳ್ಳೆ ಅಮುಕಬಹುದು, ಆಯಿಲ್ ಅಮುಕೋಕಾಗಲ್ಲ. ಕಾಲಿಟ್ಟರೆ ಪೆಡಲ್ ಸೀದಾ ಕೆಳಗೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಆಗ ಪ್ಯಾಡ್ ಎಷ್ಟೇ ಒಳ್ಳೇದಿದ್ದರೂ ಉಪಯೋಗ ಇಲ್ಲ.

ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಯಾವುದು ಹಾಕಬೇಕು ಅಂತ ಇರುತ್ತೆ. ಡಾಟ್ 3 ಅಂತಿದ್ದರೆ ಡಾಟ್ 4 ಹಾಕಬಹುದು, ಎರಡೂ ಒಂದೇ ಜಾತಿ. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಸೇರಿಸಲೇಬೇಡಿ. ಡಾಟ್ 5.1 ಬೇರೆ, ಅದು ಮೊದಲಿನ ಜಾತಿಯದ್ದೇ. ಹೆಸರು ನೋಡಿ ಮೋಸ ಹೋಗಬೇಡಿ.

ಇನ್ನೊಂದು. ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಆಯಿಲ್ ಮಟ್ಟ ಇಳಿಯೋದು ಸಹಜ. ಅದನ್ನು ನೋಡಿ ಟಾಪ್ ಅಪ್ ಮಾಡಿ, ಆಮೇಲೆ ಹೊಸ ಪ್ಯಾಡಿಗೆ ಜಾಗ ಮಾಡೋಕೆ ಕ್ಯಾಲಿಪರ್‌ನ ಪಿಸ್ಟನ್ ಒಳಗೆ ತಳ್ಳಿದರೆ ಡಬ್ಬಿ ತುಂಬಿ ಹೊರಗೆ ಚೆಲ್ಲುತ್ತೆ. ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತೆ. ತಕ್ಷಣ ನೀರು ಹಾಕಿ ತೊಳೆಯಬೇಕು.

ಭೌತಶಾಸ್ತ್ರ_ಮೇಷ್ಟ್ರು
ಘಟ್ಟದಲ್ಲಿ ಎಷ್ಟು ಬಿಸಿ ಏಳುತ್ತೆ ಅಂತ ಒಂದು ಲೆಕ್ಕ ನೋಡಿ. ಜನ ಇರುವ ಸಣ್ಣ ಕಾರು 1,000 ಕೆ.ಜಿ.ಗಿಂತ ಜಾಸ್ತಿಯೇ ಇರುತ್ತೆ, ಸುಲಭಕ್ಕೆ 1,000 ಅಂತ ಇಟ್ಟುಕೊಳ್ಳೋಣ. ಅದು 100 ಮೀಟರ್ ಎತ್ತರ ಇಳಿದರೆ ಸುಮಾರು 980 ಕಿಲೋಜೌಲ್ ಶಕ್ತಿ ಬಿಡುಗಡೆ ಆಗುತ್ತೆ. ಅದೇ ಕಾರನ್ನು 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸೋಕೆ ಹೋಗೋದು ಸುಮಾರು 386 ಕಿಲೋಜೌಲ್. ಅಂದರೆ 100 ಮೀಟರ್ ಇಳಿಜಾರನ್ನು ಬರೀ ಬ್ರೇಕಿನಲ್ಲಿ ಇಳಿದರೆ, ಹೆದ್ದಾರಿಯಲ್ಲಿ 100ರಿಂದ ಸೊನ್ನೆಗೆ ಎರಡೂವರೆ ಸಲ ನಿಲ್ಲಿಸಿದಷ್ಟು ಬಿಸಿ. ಮೂರು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು ಶಾಖ ಅದು. ಚಾರ್ಮಾಡಿಯಲ್ಲಿ ಇಳಿಯೋದು 100 ಮೀಟರ್‌ಗಿಂತ ಎಷ್ಟೋ ಜಾಸ್ತಿ.

ಈ ಶಕ್ತಿಯ ಒಂದು ಪಾಲನ್ನು ಇಂಜಿನ್ ತಗೊಳ್ಳಲಿ ಅಂತಾನೇ ಗೇರ್ ಇಳಿಸೋದು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಅಂತ ಹಳೇ ಬಸ್ ಚಾಲಕರು ಹೇಳೋದು ಸರಿಯಾದ ಮಾತು.

ಮಂಡ್ಯ_ಹೈದ
ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತೆ ಅಂತಾರಲ್ಲ ಮೇಷ್ಟ್ರೇ?

ಭೌತಶಾಸ್ತ್ರ_ಮೇಷ್ಟ್ರು
ಉಳಿಯಲ್ಲ ಕಣಪ್ಪ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರೇ ಬಂದ್ ಆಗುತ್ತೆ. ಚಕ್ರವೇ ಇಂಜಿನನ್ನು ತಿರುಗಿಸುತ್ತೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ತಾನಾಗಿ ಓಡೋಕೆ ಪೆಟ್ರೋಲ್ ಬೇಕು. ಇಂಧನವೂ ಹೋಗುತ್ತೆ, ಬ್ರೇಕೂ ಕಾಯುತ್ತೆ.

ಇವಿ_ಮಂಗಳೂರು
ವಿಷಯ ಸ್ವಲ್ಪ ಬೇರೆ, ಆದರೂ ಹೇಳ್ತೇನೆ. ನನ್ನದು ಎಲೆಕ್ಟ್ರಿಕ್ ಕಾರು. ಇಳಿಜಾರಲ್ಲಿ ಮೋಟರೇ ಬ್ರೇಕ್ ಹಿಡಿದು ಬ್ಯಾಟರಿ ತುಂಬಿಸುತ್ತೆ, ಪ್ಯಾಡ್ ಸವೆಯುವುದೇ ಇಲ್ಲ. ಆದರೆ ಸಮುದ್ರದ ಗಾಳಿಗೆ ಡಿಸ್ಕ್ ತುಕ್ಕು ಹಿಡಿದು ಗುಳಿ ಬೀಳ್ತಾ ಉಂಟು. ಏನು ಮಾಡುವುದು?

ಡೆಟ್ರಾಯಿಟ್_ಕನ್ನಡತಿ
ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ನಮಗೂ ಅದೇ ಗೋಳು. ವಾರಕ್ಕೆ ಒಂದೆರಡು ಸಲ ಖಾಲಿ ರಸ್ತೆಯಲ್ಲಿ ರೀಜನರೇಷನ್ (ಮೋಟರ್ ಬ್ರೇಕ್ ಹಿಡಿಯೋದು) ಕಡಿಮೆ ಇಟ್ಟು, ಪೆಡಲ್ ಗಟ್ಟಿಯಾಗಿ ಒತ್ತಿ ನಿಧಾನ ಮಾಡಿ. ತುಕ್ಕು ಉಜ್ಜಿ ಹೋಗುತ್ತೆ. ಫೋಕ್ಸ್‌ವ್ಯಾಗನ್ ಐಡಿ.3, ಐಡಿ.4 ಕಾರುಗಳಿಗೆ ಹಿಂದೆ ಡ್ರಮ್ ಕೊಟ್ಟಿರೋದಕ್ಕೆ ಇದೂ ಒಂದು ಕಾರಣ. ಡ್ರಮ್ ಮುಚ್ಚಿಕೊಂಡಿರುತ್ತೆ, ತುಕ್ಕಿನ ಕಾಟ ಕಮ್ಮಿ.

ಬೆಂಗಳೂರ್_ಗೇರ್
ಡ್ರಮ್ ಹಳೇ ಕಾಲದ್ದು ಅಂತ ಬೈತಾ ಇದ್ದೆವಲ್ಲ, ಅದಕ್ಕೂ ಕಾರಣ ಇದೆ ಅಂದ್ರೆ ಖುಷಿ ಆಯ್ತು.

ಮೂಡಿಗೆರೆ_ಕಾಫಿ
ಇವತ್ತು ಗ್ಯಾರೇಜಿಗೆ ಹೋಗಿ ಚಕ್ರ ಬಿಚ್ಚಿಸಿದೆ, ನಾನೇ ಪಕ್ಕದಲ್ಲಿ ನಿಂತು ನೋಡಿದೆ.

ಬಲಗಡೆ: ಎರಡೂ ಪ್ಯಾಡ್ ಸಮನಾಗಿ ಸವೆದಿದೆ, ಸುಮಾರು 4 ಮಿ.ಮೀ. ಉಳಿದಿದೆ.
ಎಡಗಡೆ: ಹೊರಗಿನ ಪ್ಯಾಡ್ 5 ಮಿ.ಮೀ. ಇದೆ, ಒಳಗಿನದು 2 ಕೂಡ ಇಲ್ಲ. ಅದರ ತಗಡೇ ತಾಗ್ತಾ ಇದ್ದದ್ದು.
ಡಿಸ್ಕ್: ನಾಣ್ಯ ಇಟ್ಟು ಅಳೆದೆವು. ಎರಡೂ ಡಿಸ್ಕು ಕೆತ್ತಿರೋ ಕನಿಷ್ಠ ದಪ್ಪದ ತೀರಾ ಹತ್ತಿರ ಬಂದಿದೆ. ಎಡಗಡೆಯದ್ದರಲ್ಲಿ ಒಳಮೈ ಪೂರ್ತಿ ಗೀರು ಬಿದ್ದಿದೆ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತೆ.

ಒಂದೇ ಚಕ್ರದಲ್ಲಿ ಹೀಗೆ ಹೆಚ್ಚು ಕಮ್ಮಿ ಯಾಕೆ?

ಗ್ಯಾರೇಜ್_ಉಡುಪಿ
ಇದಕ್ಕೇ ನಾನು ಅಷ್ಟು ಹೇಳಿದ್ದು. ಎಡಗಡೆ ಕ್ಯಾಲಿಪರ್‌ನ ಗೈಡ್ ಪಿನ್ ಹಿಡಿದುಕೊಂಡಿದೆ.

ಈ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಳಗಡೆ ಮಾತ್ರ ಇರೋದು. ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳುತ್ತೆ, ಆಮೇಲೆ ಇಡೀ ಕ್ಯಾಲಿಪರ್ ಪಿನ್ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತೆ. ಪಿನ್ ಒಣಗಿ ತುಕ್ಕು ಹಿಡಿದರೆ ಜಾರಲ್ಲ. ಒಳಗಿನ ಪ್ಯಾಡ್ ಒಂದೇ ಎಲ್ಲ ಕೆಲಸ ಮಾಡಬೇಕು, ಬಿಟ್ಟ ಮೇಲೂ ಅಲ್ಲೇ ಉಜ್ಜುತ್ತಾ ಇರುತ್ತೆ. ಡಿಸ್ಕ್ ಕಾದು ಕಾದು ಇರುತ್ತೆ. ಹೀಗಿದ್ದಾಗ ಎಷ್ಟೇ ದುಬಾರಿ ಪ್ಯಾಡ್ ಹಾಕಿದರೂ ಇದೇ ಗತಿ.

ಎರಡೂ ಬದಿಯ ಪಿನ್ ಹೊರಗೆ ತೆಗೆಸಿ. ಸೋಪ್ ಹಾಕಿದ ಹಾಗೆ ಕೈಯಲ್ಲಿ ಸಲೀಸಾಗಿ ಜಾರಬೇಕು. ಗುಳಿ ಬಿದ್ದಿದ್ದರೆ ಪಿನ್, ರಬ್ಬರ್ ಬೂಟ್ ಎರಡೂ ಹೊಸದು ಹಾಕಿಸಿ, ಜಾಸ್ತಿ ಬೆಲೆ ಇಲ್ಲ. ಗ್ರೀಸ್ ಸಿಲಿಕೋನ್ ಗ್ರೀಸೇ ಆಗಿರಬೇಕು. ಚಕ್ರದ ಬೇರಿಂಗಿಗೆ ಹಾಕೋ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತೆ. ಇದನ್ನು ಬಹಳ ಕಡೆ ಗಮನಿಸೋದೇ ಇಲ್ಲ, ನನಗೆ ಬೇಜಾರಾಗೋ ವಿಷಯ ಇದು.

ಪಿಸ್ಟನ್ ಕೂಡ ಸಲೀಸಾಗಿ ಒಳಗೆ ಹೋಗುತ್ತಾ ನೋಡಿ. ಹೋಗದಿದ್ದರೆ ಬ್ಲೀಡ್ ಸ್ಕ್ರೂ (ಆಯಿಲ್, ಗಾಳಿ ಹೊರಗೆ ಬಿಡೋ ಸ್ಕ್ರೂ) ಸ್ವಲ್ಪ ಸಡಿಲ ಮಾಡಿ ತಳ್ಳಿ. ಆಗ ಸಲೀಸಾದರೆ ತೊಂದರೆ ರಬ್ಬರ್ ಹೋಸ್‌ನಲ್ಲಿದೆ, ಒಳಗೆ ಊದಿಕೊಂಡು ಆಯಿಲ್ ವಾಪಸ್ ಬಿಡ್ತಾ ಇಲ್ಲ. ಕ್ಯಾಲಿಪರ್ ಬಿಚ್ಚಿದಾಗ ಹೋಸ್‌ನಲ್ಲಿ ನೇತಾಡೋಕೆ ಬಿಡಬೇಡಿ, ತಂತಿ ಕಟ್ಟಿ ಸ್ಪ್ರಿಂಗಿಗೆ ಸಿಕ್ಕಿಸಿ.

ಟ್ಯಾಕ್ಸಿ_ಮೈಸೂರು
ಕನಿಷ್ಠ ದಪ್ಪಕ್ಕೆ ಬಂದಿದ್ದರೆ ಲೇತ್ ಮಾತೇ ಇಲ್ಲ. ಹೊಸ ಡಿಸ್ಕ್ ಹಾಕಿ ಸರ್. ಎರಡೂ ಬದಿ ಒಟ್ಟಿಗೆ ಹಾಕಿ, ಒಂದೇ ಕಡೆ ಬೇಡ. ಗಾಡಿ ಒಂದು ಕಡೆ ಎಳೆಯುತ್ತೆ.

ಮೂಡಿಗೆರೆ_ಕಾಫಿ
ಸರಿ, ಎರಡೂ ಡಿಸ್ಕು, ಎರಡೂ ಸೆಟ್ ಪ್ಯಾಡು, ಪಿನ್, ಬೂಟ್, ಡಾಟ್ 4 ಆಯಿಲ್. ಡಿಸ್ಕ್, ಪ್ಯಾಡ್ ಎರಡಕ್ಕೂ ಯಾವ ಕಂಪನಿ?

ಸ್ಟುಟ್‌ಗಾರ್ಟ್_ಕನ್ನಡಿಗ
ಮಾರುತಿ ಜೆನ್ಯೂನ್ ಪಾರ್ಟ್ಸ್ ಕಣ್ಮುಚ್ಚಿ ತಗೊಳ್ಳಬಹುದು. ಬೇರೆ ಬೇಕು ಅಂದರೆ ಬಾಷ್, ಬ್ರೆಂಬೊ, ರಾಣೆ ಇವೆ. ನಿಮ್ಮ ಮಾಡೆಲ್‌ಗೆ ಇದೆಯಾ ಅಂತ ಪಾರ್ಟ್ ನಂಬರ್ ಹೋಲಿಸಿ ನೋಡಿ. ಡಿಸ್ಕು, ಪ್ಯಾಡು ಒಂದೇ ಕಂಪನಿದು ಇರಲೇಬೇಕು ಅಂತೇನಿಲ್ಲ.

ಬೆಂಗಳೂರ್_ಗೇರ್
ಬೆಂಗಳೂರಿಗೆ ಬಂದರೆ ಜೆ.ಸಿ. ರೋಡಲ್ಲಿ ನೋಡಿ, ಎಲ್ಲಾ ಸಿಗುತ್ತೆ. ಆದರೆ ಬಿಲ್ ಕೇಳಿ ತಗೊಳ್ಳಿ. ಒರಿಜಿನಲ್ ಡಬ್ಬಿಯಲ್ಲಿ ಡೂಪ್ಲಿಕೇಟ್ ಹಾಕಿ ಮಾರೋರು ಇದಾರೆ. ಅರ್ಧ ಬೆಲೆಗೆ ಕೊಟ್ಟರೆ ಅನುಮಾನ ಪಡಿ. ಮುದ್ರಣ ಮಸುಕಾಗಿದ್ದರೆ, ಹಾಲೋಗ್ರಾಮ್ ಇಲ್ಲದಿದ್ದರೆ, ಪ್ಯಾಡ್ ಮೇಲೆ ಯಾವ ನಂಬರೂ ಇಲ್ಲದಿದ್ದರೆ ವಾಪಸ್ ಕೊಡಿ. ತೂತಿನ ಡಿಸ್ಕಿನ ಮಾತು ಬಿಟ್ಟೆ, ಸಾದಾದೇ ಹಾಕಿ.

ಹುಬ್ಬಳ್ಳಿ_ಹೆದ್ದಾರಿ
ನಂದೂ ಅಳೆದೆ. ದಪ್ಪ ಇನ್ನೂ ಚಲೋ ಐತಿ, ಸುತ್ತ ಎಲ್ಲಾ ಕಡೆ ಸಮ ಐತಿ. ಆದರೂ ಪೆಡಲ್ ತಟ್‌ತಟ್ ಅಂತದ, ಸ್ಟೇರಿಂಗ್ ಏನೂ ಆಗಲ್ಲ. ಹಿಂದ ಡ್ರಮ್ಮಿನದ ಇರಬಹುದಾ?

ಗ್ಯಾರೇಜ್_ಉಡುಪಿ
ಇರಬಹುದು. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ, ಹ್ಯಾಂಡ್‌ಬ್ರೇಕ್ ಗುಂಡಿ ಒತ್ತಿ ಹಿಡಿದುಕೊಂಡೇ ನಿಧಾನವಾಗಿ ಎಳೆಯಿರಿ. ಆಗ ಗಾಡಿ ತುಯ್ದಾಡಿದರೆ ಹಿಂದಿನ ಡ್ರಮ್ ದುಂಡಗಿಲ್ಲ ಅಂತ. ಮಳೆ ರಸ್ತೆಯಲ್ಲಿ, ತಿರುವಿನಲ್ಲಿ ಮಾಡಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ತಟ್‌ತಟ್ ಅಂದರೆ ಅದು ಎಬಿಎಸ್ (ಚಕ್ರ ಜಾಮ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಕೆಲಸ ಮಾಡೋ ಸದ್ದು, ಅದಕ್ಕೆ ಹೆದರಬೇಕಿಲ್ಲ.

ಮೂಡಿಗೆರೆ_ಕಾಫಿ
ಸಾಮಾನು ಬಂತು, ಕಂಪನಿದೇ ತಗೊಂಡೆ. ನಾಳೆ ಹಾಕಿಸ್ತಾ ಇದೀನಿ. ಹಾಕುವಾಗ ಏನೇನು ನೋಡಿಕೊಳ್ಳಲಿ?

ಗ್ಯಾರೇಜ್_ಉಡುಪಿ
ಹಳೇ ಡಿಸ್ಕ್ ಹಬ್‌ಗೆ ಅಂಟಿಕೊಂಡಿದ್ದರೆ ಸುತ್ತಿಗೆ ಬೇಡ. ಡಿಸ್ಕ್ ಮೇಲೆ ಥ್ರೆಡ್ ಇರೋ ಎರಡು ತೂತು ಇರುತ್ತೆ. ಅದಕ್ಕೆ ಬೋಲ್ಟ್ ಹಾಕಿ ಎರಡನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ತಾನಾಗಿ ಎದ್ದು ಬರುತ್ತೆ. ಹಬ್ ಮುಖವನ್ನು ವೈರ್ ಬ್ರಷ್, ಎಮರಿ ಪೇಪರ್ ಹಾಕಿ ಲೋಹ ಹೊಳೆಯೋವರೆಗೆ ಉಜ್ಜಿಸಿ. ಇದೇ ಮುಖ್ಯ.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿರ್ತಾರೆ. ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಇಲ್ಲದಿದ್ದರೆ ಸೋಪ್ ನೀರಲ್ಲಿ ತೊಳೆದು ಒಣಗಿಸಿದರೂ ಸಾಕು. ಪೆಟ್ರೋಲ್, ಸೀಮೆಎಣ್ಣೆ ಬೇಡ. ಆಮೇಲೆ ಎಣ್ಣೆ ಕೈಯಲ್ಲಿ ಮುಟ್ಟಬೇಡಿ. ನಟ್ ಅಡ್ಡಡ್ಡ ಬಿಗಿಸಿ, ಕೊನೆಗೆ ಟಾರ್ಕ್ ರೆಂಚ್ ಹಾಕಿ. ಎಷ್ಟು ಬಿಗಿ ಅಂತ ಗಾಡಿಯ ಪುಸ್ತಕದಲ್ಲಿದೆ.

ಗಾಡಿ ಸ್ಟಾರ್ಟ್ ಮಾಡಿ ಹೊರಡೋ ಮೊದಲು ಪೆಡಲ್ ಗಟ್ಟಿ ಆಗೋವರೆಗೆ ಒತ್ತಿ. ಪಿಸ್ಟನ್ ಒಳಗೆ ಹೋಗಿರುತ್ತೆ, ಮೊದಲ ಒಂದೆರಡು ಸಲ ಪೆಡಲ್ ಪೂರ್ತಿ ಕೆಳಗೆ ಹೋಗುತ್ತೆ. ಅದೇ ಸ್ಥಿತಿಯಲ್ಲಿ ರಿವರ್ಸ್ ತೆಗೆದು ಗೋಡೆಗೆ ಗುದ್ದಿರೋದನ್ನು ನೋಡಿದ್ದೇನೆ.

ಡೆಟ್ರಾಯಿಟ್_ಕನ್ನಡತಿ
ಆಮೇಲೆ ಪ್ಯಾಡು ಡಿಸ್ಕು ಹೊಂದಿಕೊಳ್ಳಬೇಕು. ಹಿಂದೆ ಗಾಡಿ ಬಾರದ ನೇರ ರಸ್ತೆಯಲ್ಲಿ 60ರಿಂದ 20ರವರೆಗೆ ಹದವಾಗಿ ಒತ್ತಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಸ್ವಲ್ಪ ದೂರ ಓಡಿಸಿ ಮತ್ತೆ ಹಾಗೇ. ಹತ್ತು ಸಲ ಆದ ಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ಹೊತ್ತು ಓಡಿಸಿ ತಣ್ಣಗಾಗಲು ಬಿಡಿ. ಕಾದಾಗ ಪೆಡಲ್ ಒತ್ತಿ ಹಿಡಿದು ನಿಂತರೆ ಪ್ಯಾಡಿನ ಪದಾರ್ಥ ಒಂದೇ ಕಡೆ ಅಂಟುತ್ತೆ. ಪ್ಯಾಡಿನ ಡಬ್ಬಿಯಲ್ಲಿ ಬೇರೆ ರೀತಿ ಹೇಳಿದ್ದರೆ ಅದನ್ನೇ ಅನುಸರಿಸಿ. ಇದೆಲ್ಲ ಆದ ಮೇಲೆ ಘಟ್ಟ ಇಳಿಯಿರಿ, ಹಾಕಿಸಿದ ದಿನವೇ ಬೇಡ.

ಮೂಡಿಗೆರೆ_ಕಾಫಿ
ಹಾಕಿಸಿ ಆಯ್ತು. ಹಬ್ ಮೇಲೆ ತುಕ್ಕು ಸಿಪ್ಪೆ ಸಿಪ್ಪೆಯಾಗಿ ಬಂತು. ಎಡಗಡೆ ಕೆಳಗಿನ ಪಿನ್ ಹೊರಗೆ ಬರೋಕೆ ಅರ್ಧ ಗಂಟೆ ಹಿಡಿಯಿತು, ಬದಲಿಸಿದೆವು. ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. 80ರಲ್ಲಿ ಒತ್ತಿ ನೋಡಿದೆ, ನಡುಕ ಇಲ್ಲ. ಎಲ್ಲರಿಗೂ ತುಂಬಾ ಧನ್ಯವಾದ. ಒಂದೇ ಅನುಮಾನ: ಪೆಡಲ್ ಮೊದಲಿಗಿಂತ ಸ್ವಲ್ಪ ಮೆದು ಅನಿಸ್ತಾ ಇದೆ. ಹೊಸದಕ್ಕೆ ಹಾಗೇನಾ?

ಶಿರಸಿ_ಘಟ್ಟ
ಹೊಸ ಪ್ಯಾಡ್ ಕೂತುಕೊಳ್ಳೋವರೆಗೆ ಸ್ವಲ್ಪ ಹಾಗಿರಬಹುದು. ಆದರೆ ಆಯಿಲ್ ಬದಲಿಸಿದ್ದೀರಿ, ಲೈನಿನಲ್ಲಿ ಗಾಳಿ ಉಳಿದಿರಬಹುದು. ನಿಂತ ಗಾಡಿಯಲ್ಲಿ ಇಂಜಿನ್ ಆನ್ ಇಟ್ಟು ಪೆಡಲ್ ಒತ್ತಿ ಹಿಡಿಯಿರಿ. ಬಿಟ್ಟು ಬಿಟ್ಟು ಒತ್ತಿದಾಗ ಪೆಡಲ್ ಮೇಲೆ ಮೇಲೆ ಬಂದು ಗಟ್ಟಿ ಆದರೆ ಗಾಳಿ ಇದೆ ಅಂತ, ಇನ್ನೊಮ್ಮೆ ನಾಲ್ಕೂ ಚಕ್ರ ಬ್ಲೀಡ್ ಮಾಡಿಸಿ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗೆ ಇಳೀತಾ ಹೋದರೆ ಎಲ್ಲೋ ಸೋರ್ತಾ ಇದೆ, ಇಲ್ಲ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಭಾಗ) ಸೀಲ್ ಹೋಗಿದೆ. ಇದು ಗೊತ್ತಾಗೋವರೆಗೆ ಚಾರ್ಮಾಡಿ ಕಡೆ ಹೋಗಬೇಡಿ.

ಮೂಡಿಗೆರೆ_ಕಾಫಿ
ಈಗಷ್ಟೇ ನೋಡಿದೆ. ಎರಡು ಸಲ ಒತ್ತಿದ ಮೇಲೆ ಗಟ್ಟಿ ಆಗುತ್ತೆ, ಹಿಡಿದರೆ ಕೆಳಗೆ ಇಳಿಯಲ್ಲ.

ಗ್ಯಾರೇಜ್_ಉಡುಪಿ
ಗಾಳಿಯೇ. ಬೆಳಿಗ್ಗೆ ಬ್ಲೀಡ್ ಮಾಡಿಸಿ. ನಿಮ್ಮ ಗಾಡಿಗೆ ಯಾವ ಚಕ್ರದಿಂದ ಶುರು ಮಾಡಬೇಕು ಅಂತ ಸರ್ವಿಸ್ ಪುಸ್ತಕ ನೋಡೋಕೆ ಹೇಳಿ. ಡಬ್ಬಿಯಲ್ಲಿ ಆಯಿಲ್ ತಳಕ್ಕೆ ಇಳಿಯದ ಹಾಗೆ ಒಬ್ಬರು ನೋಡ್ತಾ ಇರಲಿ, ಇಳಿದರೆ ಮತ್ತೆ ಗಾಳಿ ಎಳೆದುಕೊಳ್ಳುತ್ತೆ.